ಹಳದಿ ಗೆರೆಯ ಮೇಲಿನ ಚಪ್ಪಲಿ

ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸಿ, ತಳಕು ದಾಟಿ, ಮೊಳಕಾಲ್ಮುರು ಸ್ಟ್ಯಾಂಡಿನಲ್ಲಿ ಇಳಿಯುವವರೆಗೂ ಪುಷ್ಪಾ ಒಂದೇ ಮಾತನ್ನು ಬಾಯೊಳಗೆ ತಿರುವಿ ಹಾಕುತ್ತಿದ್ದಳು. 'ನಾಯ್ನಾ, ನನ್ನಿಂದ ತಪ್ಪಾಯಿತು.' ಅಷ್ಟೇ. ಅಷ್ಟು ಹೇಳಿ ಅಪ್ಪನ ಕಾಲು ಹಿಡಿಯುವುದಕ್ಕೇ ರಜೆ ಹಾಕಿ ಬಂದಿದ್ದಳು. ಬೆಂಗಳೂರಿನ ನೆತ್ತಿಯ ಮೇಲೆ ಸಾವಿರಾರು ಜನರನ್ನು ಹೊತ್ತು ಮೆಟ್ರೊ ರೈಲು ಓಡಿಸುವ ಹುಡುಗಿಗೆ ಇಷ್ಟು ಹೇಳುವುದು ಕಷ್ಟವೇ? ಕಷ್ಟವೇ ಆಗಿತ್ತು. ಒಂದು ತಿಂಗಳಿಂದ ಫೋನಿನಲ್ಲಿ ಹೇಳಲು ಹೋಗಿ ಹೋಗಿ, ಪ್ರತಿ ಸಲವೂ 'ಊಟ ಆಯ್ತಾ' ಎಂದು ಕೇಳಿ ಇಟ್ಟುಬಿಟ್ಟಿದ್ದಳು.

ನೇಕಾರರ ಬೀದಿಗೆ ತಿರುಗಿದ್ದೇ ತಡ, ಟೀ ಅಂಗಡಿಯ ಉಗ್ರಪ್ಪ ಲೋಟ ತೊಳೆಯುವುದನ್ನು ಅಲ್ಲಿಗೇ ಬಿಟ್ಟು ಕೂಗಿದ.

"ಬಂದ್ಲು ನೋಡ್ರಪ್ಪೋ, ಅಪ್ಪನಿಗೋಸ್ಕರ ರೈಲು ನಿಲ್ಸಿದ ಮಗಳು!"

ವಿಷಯ ಬೀದಿಗೆ ಬಿದ್ದಿದೆ, ಇನ್ನು ಮುಖ ಎತ್ತುವ ಹಾಗಿಲ್ಲ ಎಂದುಕೊಂಡಳು ಪುಷ್ಪಾ. ಆದರೆ ಉಗ್ರಪ್ಪನ ಮುಖ ಅರಳಿತ್ತು.

"ಎಂಥಾ ಮಗಳವ್ವಾ ನೀನು! ಸ್ಟೇಷನ್ ತುಂಬ ಜನ, ದೊಡ್ಡ ದೊಡ್ಡ ಸಾಹೇಬ್ರು. ಅವರೆಲ್ಲರ ಮುಂದೆ ರೈಲಿಂದ ಇಳಿದು ಬಂದು, ಹೆಗಲ ಮೇಲೆ ಕೈ ಹಾಕಿ, 'ಇವರು ನಮ್ಮ ನಾಯ್ನ' ಅಂದ್ಯಂತೆ. ಕುರ್ಚಿ ಹಾಕ್ಸಿ ಕಾಫಿ ಕೊಡಿಸಿದ್ಯಂತೆ. ನಿಮ್ಮಪ್ಪ ಹೇಳಿದ್ದು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗೈತೆ. ನನಗೂ ಒಬ್ಬ ಮಗ ಅವ್ನೆ, ಬಸ್ ಸ್ಟ್ಯಾಂಡಿನಾಗೆ ನಾನು ಕಂಡ್ರೆ ಮಖ ಆ ಕಡೆ ತಿರುಗಿಸ್ತಾನೆ!"

ಪುಷ್ಪಾ ಏನೋ ತೊದಲಿ ಮುಂದೆ ನಡೆದಳು. ಆಕೆ ರೈಲಿನಿಂದ ಇಳಿದಿರಲಿಲ್ಲ. ಹೆಗಲ ಮೇಲೆ ಕೈ ಹಾಕಿರಲಿಲ್ಲ. ಆ ಮಾತನ್ನಂತೂ ಆಡಿರಲೇ ಇಲ್ಲ.

ನಡೆದದ್ದೇ ಬೇರೆ. ಅಪ್ಪ ಚಿತ್ತಯ್ಯನಿಗೆ ಮಗಳು ರೈಲು ಓಡಿಸುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ. ಪುಷ್ಪಾಳಿಗೂ ತೋರಿಸಬೇಕೆಂಬ ಜಂಬ. "ಪ್ಲಾಟ್‌ಫಾರ್ಮಿನ ಮುಂದಿನ ತುದೀಲಿ ನಿಂತ್ಕೋ ನಾಯ್ನಾ. ನನ್ನ ಕ್ಯಾಬಿನ್ ಸರಿಯಾಗಿ ಅಲ್ಲೇ ಬಂದು ನಿಲ್ಲುತ್ತೆ. ಕೈ ಬೀಸ್ತೀನಿ," ಎಂದು ಫೋನಿನಲ್ಲಿ ಹೇಳಿಕೊಟ್ಟಿದ್ದಳು. ಹೀಗೆ ಮನೆಯವರನ್ನು ಡ್ಯೂಟಿಯ ಹೊತ್ತಿನಲ್ಲಿ ಕರೆಸಿ ನಿಲ್ಲಿಸಿಕೊಳ್ಳಬಾರದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದಳು.

ಅವನು ಬೆಳಗಿನ ಬಸ್ಸಿಳಿದು ನೇರ ಬಂದು ನಿಂತ. ಆಫೀಸಿಗೆ ಹೋಗುವವರ ಹೊತ್ತು. ರೈಲು ಬರುತ್ತಿತ್ತು, ಜನ ನುಗ್ಗುತ್ತಿದ್ದರು, ರೈಲು ಹೋಗುತ್ತಿತ್ತು, ಮತ್ತೆ ಅಷ್ಟೇ ಜನ ತುಂಬಿಕೊಳ್ಳುತ್ತಿದ್ದರು. ಯಾವ ರೈಲಿನಲ್ಲೂ ಮಗಳಿಲ್ಲ. ನಿಂತು ನಿಂತು ಕಾಲು ಸೋತವು. ಬೇರೆ ಯಾರೇ ಆಗಿದ್ದರೂ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕುತ್ತಿದ್ದರು. ಚಿತ್ತಯ್ಯ ಗುಂಡಿಮಗ್ಗದ ನೇಕಾರ. ಮೀಸೆ ಮೂಡಿದಾಗಿನಿಂದ ನೆಲದಂಚಿಗೆ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ರೇಷ್ಮೆ ಸೀರೆ ನೇಯ್ದವನು. ಕಾಲು ಕೆಳಗೆ ಇಳಿದರೇ ಅವನಿಗೆ ಕೂತಂತೆ. ಇಲ್ಲಿ ನೋಡಿದರೆ ಕಣ್ಣೆದುರಿಗೇ ನುಣುಪಾದ ನೆಲ, ಅದರ ಅಂಚು, ಅಂಚಿನ ಕೆಳಗೆ ತಗ್ಗು. ದೇಹ ತನಗೆ ಗೊತ್ತಿದ್ದುದನ್ನು ಮಾಡಿತು. ಮಗ್ಗಕ್ಕೆ ಇಳಿಯುವ ಮುನ್ನ ಮಾಡುವ ಹಾಗೆ ಹೊಸ ಚಪ್ಪಲಿ ಕಳಚಿ ಹಳದಿ ಗೆರೆಯ ಮೇಲೆ ಜೋಡಿಸಿಟ್ಟ. ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಹಳಿಯ ಕಡೆಗೆ ಕಾಲು ಇಳಿಬಿಟ್ಟು ಆರಾಮಾಗಿ ಕೂತುಬಿಟ್ಟ. ಗಾರ್ಡು ಆ ತುದಿಯಲ್ಲಿ ಜನ ಸರಿಸುತ್ತಿದ್ದ.

ಸ್ಟೇಷನ್ನಿನೊಳಗೆ ರೈಲು ನುಗ್ಗಿಸುತ್ತಿದ್ದ ಪುಷ್ಪಾಳಿಗೆ ಮೊದಲು ಕಂಡದ್ದು ತೂಗಾಡುವ ಎರಡು ಕಾಲು. ತುರ್ತು ಬ್ರೇಕ್ ಒತ್ತಿದಳು. ಒಳಗೆ ನಿಂತವರು ಒಬ್ಬರ ಮೇಲೊಬ್ಬರು ಬಿದ್ದು ಚೀರಿದರು. ಅವನು ಮುಂದಿನ ತುದಿಯಲ್ಲಿ ಇದ್ದದ್ದೇ ಪುಣ್ಯ. ಪ್ಲಾಟ್‌ಫಾರ್ಮಿನ ಅರ್ಧಕ್ಕೆ ರೈಲು ನಿಂತಿತು. ಗಾರ್ಡು ಓಡಿಬಂದು ಅವನ ರಟ್ಟೆ ಹಿಡಿದು ಮೇಲೆಳೆದ. ಹಿಂದೆಯೇ ಸ್ಟೇಷನ್ ಅಧಿಕಾರಿ ಓಡಿಬಂದ. ಆಗ ಅವಳಿಗೆ ಅದು ಯಾರೆಂದು ತಿಳಿಯಿತು.

ವೈರ್‌ಲೆಸ್ಸಿನಲ್ಲಿ ಪ್ರಶ್ನೆ ಬಂತು: "ಆಪರೇಟರ್, ಏನಾಯ್ತು?"

ಪುಷ್ಪಾ ಹೇಳಿದಳು: "ಟ್ರ್ಯಾಕ್ ಕಡೆ ಕಾಲು ಬಿಟ್ಟು ಕೂತಿದ್ದರು. ಯಾರೋ ವಯಸ್ಸಾದವರು. ಕುಡಿದಿರಬೇಕು."

ಯಾಕೆ ಹಾಗಂದಳು? ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಕರೆಸಿಕೊಂಡವಳು ನೀನೇ ಅಲ್ಲವೇ ಎಂದು ಕೇಳಿಬಿಟ್ಟರೆ? ಹಿಂದೆ ಒಂದರ ಹಿಂದೊಂದು ರೈಲು ನಿಂತಿವೆ, ಕಂಟ್ರೋಲ್ ರೂಮಿನವರು ಬೊಬ್ಬೆ ಹೊಡೆಯುತ್ತಿದ್ದಾರೆ, ಕುಡುಕ ಎಂದರೆ ಮಾತು ಬೇಗ ಮುಗಿಯುತ್ತದೆ. ಇವೆಲ್ಲ ಇದ್ದದ್ದು ನಿಜ, ಇವೆಲ್ಲ ನೆವ ಎನ್ನುವುದೂ ನಿಜ. ಜೊತೆಯವರ ಹತ್ತಿರ ಅವಳು 'ನಮ್ಮಪ್ಪನದು ರೇಷ್ಮೆ ವ್ಯಾಪಾರ' ಎಂದು ಕೊಚ್ಚಿಕೊಂಡಿದ್ದಳು. ಅಲ್ಲಿ ಗಾರ್ಡಿನ ಕೈಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದವನು ಮಂಡಿಯ ಮೇಲೆ ಪಂಚೆ ಕಟ್ಟಿದ, ತಲೆಗೆ ಟವೆಲ್ ಸುತ್ತಿದ, ಬರಿಗಾಲ ಮುದುಕ. ಅವಳಿಗೆ ನಾಚಿಕೆಯಾಯಿತು. ಇರುವುದು ಇಷ್ಟೇ.

ಅಪ್ಪಣೆ ಸಿಕ್ಕ ಮೇಲೆ ರೈಲನ್ನು ಮುಂದಕ್ಕೆ ತಂದಳು. ಹೇಳಿಕೊಟ್ಟಿದ್ದಂತೆಯೇ ಕ್ಯಾಬಿನ್ ಸರಿಯಾಗಿ ಅವನೆದುರಿಗೇ ಬಂದು ನಿಂತಿತು. ಅಧಿಕಾರಿ ಬಗ್ಗಿ ಅವನ ಬಾಯಿ ಮೂಸುತ್ತಿದ್ದ. ಏನೋ ಕೇಳಿದ. ಜೊತೆಗೆ ಯಾರಿದ್ದಾರೆ ಎಂದಿರಬೇಕು. ಚಿತ್ತಯ್ಯ ಗಾಜಿನಾಚೆಗಿದ್ದ ಮಗಳನ್ನು ನೋಡಿದ. ಚೆನ್ನಾಗಿಯೇ ನೋಡಿದ. ಆಮೇಲೆ ಯಾರೂ ಇಲ್ಲವೆಂದು ತಲೆಯಾಡಿಸಿದ.

ಪುಷ್ಪಾ ಬಾಗಿಲು ಮುಚ್ಚಿಸಿ ಹೊರಟಳು. ಕನ್ನಡಿಯಲ್ಲಿ ಅವನನ್ನು ಕರೆದೊಯ್ಯುವುದು ಕಂಡಿತು. ಚಪ್ಪಲಿ ಮಾತ್ರ ಗೆರೆಯ ಮೇಲೆ ಜೋಡಿಯಾಗಿ ಹಾಗೇ ಇದ್ದವು.

ಅಂದಿನಿಂದ ಅವಳು ಒಂದೇ ಒಂದು ಸಮಾಧಾನ ಹಿಡಿದುಕೊಂಡಿದ್ದಳು. ಕೆಳಗಿಳಿದು ಬರಲಿಲ್ಲ ಎನ್ನುವುದು ಅಪ್ಪನಿಗೆ ಗೊತ್ತು. ಕುಡುಕ ಅಂದದ್ದು ಗೊತ್ತಿಲ್ಲ. ಕ್ಯಾಬಿನ್ನಿನ ಗಾಜು ದಪ್ಪ.

ಮನೆಯಲ್ಲಿ ಅವ್ವ ದ್ಯಾಮಮ್ಮ ಮಗಳ ದೃಷ್ಟಿ ತೆಗೆದು ಲಟಿಕೆ ಮುರಿದಳು. "ಅದೇನು ಮರ್ಯಾದೆ ಮಾಡಿ ಕಳಿಸಿದ್ಯೋ ತಾಯಿ, ಆ ಸಂಭ್ರಮದಾಗೆ ಹೊಸಾ ಚಪ್ಪಲಿ ಅಲ್ಲೇ ಮರೆತು ಬರಿಗಾಲಾಗೆ ಬಂದವ್ರೆ! ಬೈದ್ರೆ ನಗ್ತಾರೆ," ಎಂದಳು. ಪುಷ್ಪಾ ಕಾಲು ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಊಟದ ಹೊತ್ತಿಗೆ ಪಕ್ಕದ ಮನೆಯವರು ಬಂದರು. ಅವರ ಹಿಂದೆ ಇನ್ನೊಂದು ಮನೆಯವರು. ಎಲ್ಲರ ಬಾಯಲ್ಲೂ ಅದೇ ಕಥೆ. ಒಬ್ಬಾಕೆಯಂತೂ ತನ್ನ ಕಥೆಯಲ್ಲಿ ಚಿತ್ತಯ್ಯನಿಗೆ ಹಾರವನ್ನೂ ಹಾಕಿಸಿಬಿಟ್ಟಿದ್ದಳು.

ಮಧ್ಯಾಹ್ನ ಅವ್ವ ಅಡ್ಡಾದ ಮೇಲೆ ಅವಳು ಮಗ್ಗದ ಕೋಣೆಗೆ ಹೋದಳು. ಚಿತ್ತಯ್ಯ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಹಾಸುನೂಲಿನ ಮೇಲೆ ಮಾವಿನಚಿಗುರು ಬಣ್ಣದ ಸೀರೆ ಮೊಳದುದ್ದ ಬೆಳೆದಿತ್ತು.

"ನಾಯ್ನಾ..."

"ಬಾ ತಲ್ಲೀ. ಒಂದು ಎಳೆ ಹರಿದೈತೆ, ಈ ತುದಿ ಹಿಡ್ಕೋ."

ಅವಳು ಪಕ್ಕದಲ್ಲಿ ಕೂತು ಎಳೆ ಹಿಡಿದಳು. ಅವನು ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಯನ್ನೂ ಹೊಸೆದು ಸೇರಿಸತೊಡಗಿದ.

"ನಾಯ್ನಾ, ಆವತ್ತು ನಾನು..."

"ನಿನ್ನ ದನಿ ಕೇಳಿಸ್ತು," ಎಂದ ಚಿತ್ತಯ್ಯ, ಎಳೆಯಿಂದ ಕಣ್ಣೆತ್ತದೆ.

"ಯಾವ ದನಿ?"

"ಆ ಸಾಹೇಬನ ಕೈಯಾಗೆ ಒಂದು ಡಬ್ಬಿ ಇತ್ತಲ್ಲ, ಮಾತಾಡೋದು. ಅದರಾಗೆ ನಿನ್ನ ದನಿ ಬಂತು. ಮೊದಲು ಖುಷಿ ಆತು ನನಗೆ. ನಮ್ಮ ಹುಡುಗಿ ದನಿ, ಎಷ್ಟು ಗಟ್ಟಿಯಾಗಿ, ಎಷ್ಟು ನೀಟಾಗಿ ಮಾತಾಡ್ತಾಳೆ ಅಂತ. ಏನು ಅಂದೆ ಅಂತ ಆಮೇಲೆ ಗೊತ್ತಾತು."

ಪುಷ್ಪಾಳ ಕೈಯಿಂದ ಎಳೆ ಜಾರಿತು. ಅವನು ಮತ್ತೆ ಎತ್ತಿ ಅವಳ ಬೆರಳಿಗಿಟ್ಟ.

"ಸಾಹೇಬ ಬಾಯಿ ಮೂಸಿದ. ಎಲೆಅಡಿಕೆ ಬಿಟ್ರೆ ಏನಿರ್ತೈತೆ? ಕುಡ್ದಿಲ್ಲ ಸ್ವಾಮಿ ಅಂದೆ. ಮತ್ತೆ ಡ್ರೈವರಮ್ಮ ಯಾಕೆ ಹಂಗಂದ್ರು ಅಂದ. ಅವರಿಗೆ ದೂರದಿಂದ ಹಂಗೆ ಕಂಡಿರಬೇಕು ಬಿಡಿ ಅಂದೆ."

ಅವಳು ಬಿಕ್ಕಿದಳು. "ಬೈಯಿ ನಾಯ್ನಾ. ಎರಡು ಬಾರಿಸು. ನಾನು ಪಾಪಿ. ಬೀದಿಯೋರಿಗೆಲ್ಲ ಈಗಲೇ ಹೋಗಿ ನಿಜ ಹೇಳ್ತೀನಿ."

ಆಗ ಚಿತ್ತಯ್ಯನಿಗೆ ಸಿಟ್ಟು ಬಂತು. ಅಷ್ಟೂ ಹೊತ್ತಿನಲ್ಲಿ ಮೊದಲ ಸಲ.

"ಹೇಳು. ಹೋಗಿ ಹೇಳು. ಹೇಳ್ಕಂಡು ನೀನು ಹಗುರ ಆಗು, ನಾಳೆ ಬಸ್ ಹತ್ತು. ನಾನು ಎಲ್ಲಿಗೆ ಹೋಗ್ಲಿ? ಮಗಳ ರೈಲು ನೋಡೋಕೆ ಹೋಗ್ತೀನಿ ಅಂತ ಮನೆಮನೆಗೆ ಹೇಳಿ ಹೋದೋನು. ಬರಿಗಾಲಾಗೆ ಬಂದು ಇಳಿದಾಗ ಎಲ್ಲರೂ ಸುತ್ತಾಕ್ಕಂಡು, ಏನಂದ್ಲು ಮಗಳು, ಏನಂದ್ಲು ಅಂತ ಕೇಳಿದ್ರು. ಏನಂತ ಹೇಳ್ಲಿ? ನೀನು ಅನ್ನಬೇಕಾಗಿದ್ದನ್ನ ನಾನೇ ಅಂದೆ. ಅದೊಂದು ಉಳಿದೈತೆ ನನಗೆ. ಅದನ್ನೂ ಕಿತ್ಕೋಬ್ಯಾಡ."

ಪುಷ್ಪಾ ಬಸ್ಸಿನುದ್ದಕ್ಕೂ ತಿರುವಿ ತಿರುವಿ ತಂದ ಮಾತಿಗೆ ಇಲ್ಲಿ ಜಾಗವೇ ಇರಲಿಲ್ಲ. ಚಿತ್ತಯ್ಯ ಗಂಟಿನ ಮೇಲೆ ಬೆರಳಾಡಿಸಿ, ಸರಿಯಾಗಿದೆ ಎಂದು ನೋಡಿಕೊಂಡು, ಮತ್ತೆ ಹಲಗೆ ತುಳಿದ.

ಅಷ್ಟರಲ್ಲಿ ಉಗ್ರಪ್ಪ ಟೀ ಲೋಟ ಹಿಡಿದುಕೊಂಡು ಒಳಗೇ ಬಂದ. ಹಿಂದೆ ಬೀದಿಯ ಇಬ್ಬರು ಮೂವರು. "ಏ ಚಿತ್ತಯ್ಯ, ನಿನ್ನ ಬಾಯಲ್ಲಿ ಕೇಳಿದ್ದು ಸಾಕು ಮಾರಾಯ. ನೀನು ಸ್ವಲ್ಪ ಉಪ್ಪುಖಾರ ಹಚ್ತೀಯ. ಇವತ್ತು ಮಗಳ ಬಾಯಲ್ಲೇ ಕೇಳೋಣ. ಹೇಳವ್ವಾ ಪುಷ್ಪಾ, ಅಷ್ಟು ಜನರ ಮುಂದೆ ಏನಂದೆ ನೀನು?"

ಲಾಳಿ ನಿಂತಿತು. ಚಿತ್ತಯ್ಯ ಸೀರೆಯ ಅಂಚನ್ನೇ ನೋಡುತ್ತಾ ಕೂತ.

ಪುಷ್ಪಾ ಕಣ್ಣೊರೆಸಿಕೊಂಡು ಅವನ ಹೆಗಲ ಮೇಲೆ ಕೈ ಹಾಕಿದಳು.

"ರೈಲು ನಿಲ್ಲಿಸಿ ಕೆಳಗಿಳಿದೆ ಮಾವ," ಎಂದಳು. "ಹಿಂಗೇ ಹೆಗಲ ಮೇಲೆ ಕೈ ಹಾಕಿದೆ. 'ಇವರು ನಮ್ಮ ನಾಯ್ನ' ಅಂದೆ."

ದನಿ ಗಟ್ಟಿಯಾಗಿತ್ತು, ನೀಟಾಗಿತ್ತು. ಆವತ್ತಿನ ಹಾಗೆಯೇ. ಉಗ್ರಪ್ಪ ಹೆಗಲ ಟವೆಲಿನಿಂದ ಮೂಗು ಒರೆಸಿಕೊಂಡ. "ಕೇಳಿಸ್ತೇನ್ರೋ?" ಎಂದು ಹಿಂದಿದ್ದವರ ಕಡೆ ತಿರುಗಿದ.

"ಕಾಫಿ ಕೊಡಿಸಿದ್ದು ಬಿಟ್ಟೆ," ಎಂದ ಚಿತ್ತಯ್ಯ, ತಲೆಯೆತ್ತದೆ.

"ಕಾಫಿನೂ ಕೊಡಿಸಿದೆ," ಎಂದಳು ಪುಷ್ಪಾ.

ಚಿತ್ತಯ್ಯ ಹಲಗೆ ತುಳಿದು ಲಾಳಿ ಬಿಟ್ಟ.