ಅಂಡಮಾನಿಗೆ ಇಬ್ಬರೇ

“ಇಬ್ರೇನಾ?” ಎಂದುಬಿಟ್ಟ ಶಿವಮೂರ್ತಿ. ಬಾಯಿಂದ ಜಾರಿದ ಮೇಲೆ ತಪ್ಪಾಯಿತೆನಿಸಿತು.

“ಮತ್ತಿನ್ಯಾರು? ಅಂಡಮಾನಿಗೆ ದಿಬ್ಬಣ ಕಟ್ಕೊಂಡು ಹೋಗ್ತಾರಾ?” ಎಂದಳು ಹೆಂಡತಿ ದಿವ್ಯ.

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಮಗಳು ಹಾಸ್ಟೆಲ್ ಸೇರಿದ ಮೇಲೆ ನಂಜನಗೂಡಿನ ಆ ಮನೆಯಲ್ಲಿ ಇಬ್ಬರ ನಡುವೆ ಉಳಿದ ಮಾತೆಂದರೆ ಹಾಲು, ಗ್ಯಾಸು, ನಲ್ಲಿ ನೀರು. “ಅಲ್ಲಾದ್ರೂ ಕೂತು ಮಾತಾಡೋಣ ಕಣ್ರೀ. ಇಲ್ದಿದ್ರೆ ಹಿಂಗೇ ಮುಗ್ದೋಗುತ್ತೆ.”

ಅವನಿಗೆ ಹೆದರಿಕೆಯಾದದ್ದು ಅದಕ್ಕೇ. ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು; ಕುಟುಂಬ ಎಂಬ ಸಂಸ್ಥೆಯ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲ. ಆದರೆ ಅಲ್ಲಿ ಸುತ್ತ ನೀರು, ಎದುರಿಗೆ ಹೆಂಡತಿ. ಏನು ಮಾತಾಡುವುದು? ಇಲ್ಲಾದರೆ ಕೊತ್ತಂಬರಿ ಸೊಪ್ಪಿನ ನೆಪ ಹೇಳಿ ಪೇಟೆ ಕಡೆ ಹೋಗಬಹುದು.

ಅವತ್ತು ಭಾನುವಾರ. ಟಿ. ನರಸೀಪುರದಲ್ಲಿ ಷಡ್ಡಕ ನಂಜೇಶನ ಮನೆಯಲ್ಲಿ ಊಟ. ಎಲೆ ಮುಂದೆ ಕೂತವನೇ ಶಿವಮೂರ್ತಿ ಅಂದ, “ಅಂಡಮಾನಿಗೆ ಹೊರಟಿದ್ದೀವಪ್ಪ. ನೀವೂ ಬನ್ನಿ.”

ಹೇಳಿದ್ದೇ ತಡ, ನಂಜೇಶ ಅನ್ನ ಕಲಸುತ್ತಲೇ ಯಜಮಾನಿಕೆ ವಹಿಸಿಕೊಂಡ. ತಾನು, ಹೆಂಡತಿ ಪಲ್ಲವಿ, ತಾಯಿ ರುದ್ರಮ್ಮ. ಮಜ್ಜಿಗೆ ಬರುವುದರೊಳಗೆ ಅಂಡಮಾನು ಧರ್ಮಸ್ಥಳವಾಗಿತ್ತು.

“ಉಣ್ಣಕ್ಕೆ ಅಲ್ಲಿ ಏನ್ ಸಿಕ್ಕುತ್ತೋ ಏನೋ. ಪುಳಿಯೋಗರೆ ಗೊಜ್ಜು ನಾನೇ ಮಾಡ್ಕಬತ್ತೀನಿ ಕಣಪ್ಪ,” ಎಂದಳು ರುದ್ರಮ್ಮ.

“ರೂಮ್ ಎರಡು ಸಾಕು ಕಣಣ್ಣ,” ಎಂದ ನಂಜೇಶ. “ಗಂಡಸ್ರೆಲ್ಲ ಒಂದ್ರಲ್ಲಿ, ಹೆಂಗಸ್ರೆಲ್ಲ ಒಂದ್ರಲ್ಲಿ.”

ಬಡಿಸುತ್ತಿದ್ದ ದಿವ್ಯ ಸೌಟು ನಿಲ್ಲಿಸಿ ಗಂಡನನ್ನೇ ನೋಡಿದಳು. ಬೇಡ ಎಂಬ ಒಂದು ಮಾತು ಸಾಕಿತ್ತು.

“ಒಳ್ಳೇದೇ ಆಯ್ತಲ್ಲ,” ಎಂದ ಶಿವಮೂರ್ತಿ. ಅಬ್ಬಾ, ಬದುಕಿಕೊಂಡೆ ಎನಿಸಿತು. ಆ ನಿರಾಳ ಮುಖದ ಮೇಲೂ ಬಂದಿರಬೇಕು. ದಿವ್ಯ ಅದನ್ನು ನೋಡಿದಳು. ಅನ್ನ ಬಡಿಸಿ ಮುಂದಿನ ಎಲೆಗೆ ಹೋದಳು.

ಸಂಜೆ ಬೈಕಿನಲ್ಲಿ ವಾಪಸಾಗುವಾಗ ಹೊಳೆ ಹತ್ತಿರ “ನಿಲ್ಸಿ” ಎಂದಳು. ಹೆಲ್ಮೆಟ್ ತೆಗೆದು ಅವನ ಕೈಗಿಟ್ಟು ಮೆಟ್ಟಿಲಿಳಿದಳು. ತೆಪ್ಪದವನೊಬ್ಬ ನಡುಹೊಳೆಯ ಮರಳುದಿಬ್ಬಕ್ಕೆ ಜನರನ್ನು ಕರೆದೊಯ್ಯುತ್ತಿದ್ದ. ಅವಳು ಹೋಗಿ ಕೂತೇಬಿಟ್ಟಳು.

“ನೀವೂ ಬನ್ನಿ ಸಾ, ಜಾಗ ಐತೆ.”

“ಇಲ್ಲಪ್ಪ, ಬೈಕ್ ಇದೆ.”

ಬೈಕಿಗೆ ಬೀಗ ಹಾಕಿದ್ದ. ಕದಿಯುವವರೂ ಯಾರೂ ಇರಲಿಲ್ಲ. ತೆಪ್ಪ ತಿರುಗುತ್ತ ಹೋಯಿತು. ಸುತ್ತಿಗೊಮ್ಮೆ ದಿವ್ಯಳ ಮುಖ ಇತ್ತ ಬಂತು, ಅತ್ತ ಹೋಯಿತು. ತನ್ನನ್ನು ನೋಡುತ್ತಿದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ನಂಜೇಶನ ಫೋನು. “ಅಣ್ಣ, ಟಿಕೆಟ್ ಬುಕ್ ಮಾಡ್ಬಿಡ್ಲಾ? ಅಕ್ಕಂದೂ ಸೇರಿಸಿ ತಾನೆ?”

“ಕೇಳಿ ಹೇಳ್ತೀನಿ.”

ದಿಬ್ಬದ ಮೇಲಿದ್ದವರೆಲ್ಲ ಫೋಟೋ ತೆಗೆದುಕೊಂಡು ತೆಪ್ಪ ಹತ್ತಿದರು. ದಿವ್ಯ ಹತ್ತಲಿಲ್ಲ. ಈ ದಡಕ್ಕೆ ಬೆನ್ನು ಹಾಕಿ ಮರಳಲ್ಲಿ ಕೂತಳು. ಅವನಿಗೆ ಕೂಗಬೇಕೆನಿಸಿತು. ಏನೆಂದು ಕೂಗುವುದು?

ಜನರನ್ನಿಳಿಸಿ ತೆಪ್ಪದವ ತಲೆಯೆತ್ತಿದ. “ಅಕ್ಕೋರು ಬರಾಕಿಲ್ಲ ಅಂತವ್ರೆ ಸಾ. ಕತ್ಲಾಯ್ತದೆ, ಇದೇ ಕೊನೇ ಸಲ ಓಗಾದು. ಬತ್ತೀರಾ?”

ಶಿವಮೂರ್ತಿಯ ಒಂದೊಂದು ಕೈಯಲ್ಲಿ ಒಂದೊಂದು ಹೆಲ್ಮೆಟ್ ಇತ್ತು. ಹತ್ತುವುದಾದರೆ ಇವನ್ನು ಎಲ್ಲಿಡುವುದು ಎಂದು ಅತ್ತಿತ್ತ ನೋಡುತ್ತ ನಿಂತ.