ಬಗ್ಗದ ಬೀಗಿತ್ತಿ

ಮುನಿರತ್ನಮ್ಮನ ಬೆನ್ನಿನಲ್ಲಿ ಎರಡು ಲೋಹದ ಕಂಬಿಗಳಿವೆ ಎಂಬುದು ತಮಿಳುನಾಡಿನ ಗಡಿಯ ರಾಯಕೋಟೆಯಲ್ಲಿ ಅವರ ಬೀದಿಗೆಲ್ಲ ಗೊತ್ತಿತ್ತು. ಗುಮ್ಮಳಾಪುರದ ಬೀಗರಿಗೆ ಮಾತ್ರ ಗೊತ್ತಾಗಕೂಡದು ಎಂದು ಗಂಡ ನಾರಾಯಣಪ್ಪನ ಅಪ್ಪಣೆಯಾಗಿತ್ತು. ತಾಯಿಯ ಬೆನ್ನು ಸೊಟ್ಟಗಿತ್ತೆಂದರೆ ಮಗಳು ಕಲ್ಪನಾಳ ಬೆನ್ನನ್ನೂ ಅನುಮಾನದಿಂದ ನೋಡುತ್ತಾರೆ, ಸಂಬಂಧ ಮುರಿದುಬೀಳುತ್ತದೆ ಎಂಬುದು ಅವನ ಹೆದರಿಕೆ. ಹೆಂಡತಿ ಆಸ್ಪತ್ರೆ ಸೇರಿದ್ದೇಕೆ ಎಂದು ಬೀಗರು ಕೇಳಿದಾಗ, ಗರ್ಭಕೋಶ ತೆಗೆಸಿದ್ದು ಎಂದುಬಿಟ್ಟಿದ್ದ. ಆಗದೇ ಇದ್ದ ಆಪರೇಷನ್ನನ್ನು ಅಷ್ಟು ವಿವರವಾಗಿ ಬಣ್ಣಿಸಿದ ಗಂಡಸನ್ನು ಆ ಸೀಮೆ ಕಂಡಿರಲಿಲ್ಲ.

ನಿಜ ಹೇಳಬೇಕೆಂದರೆ ಕಂಬಿಗಳಿಂದ ಆಕೆಗೆ ಉಪಕಾರವೇ ಆಗಿತ್ತು. ಐವತ್ತು ದಾಟುವ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿ, ಮುಂದಕ್ಕೆ ಬಾಗಿ, ಬಿದ್ದುಹೋದ ಮೂಗುತಿ ಹುಡುಕುವವಳಂತೆ ನಡೆಯುತ್ತಿದ್ದವಳು ಈಗ ನೆಟ್ಟಗೆ ನಿಲ್ಲುತ್ತಿದ್ದಳು. ಕಾಲಿಗಿಳಿಯುತ್ತಿದ್ದ ಸೆಳೆತ ಹೋಗಿತ್ತು, ಸಂತೆಗೆ ನಡೆದೇ ಹೋಗಿಬರುತ್ತಿದ್ದಳು. ಆದರೆ ಬೆನ್ನು ಮಡಚುವ ಹಾಗಿರಲಿಲ್ಲ. ನೆಲದ ಮೇಲೆ ಕೂರುವುದು, ಕಾಲುಂಗುರ ಸರಿಮಾಡಿಕೊಳ್ಳುವುದು ಎಲ್ಲ ಬಂದ್. ಮೊದಲ ವರ್ಷ, ಗಾಡಿ ಹೊರಡುತ್ತಿದೆ ಎಂದು ಗಂಡ ಅವಸರಪಡಿಸಿದ್ದಕ್ಕೆ ಟೊಮ್ಯಾಟೊ ಕ್ರೇಟ್ ಎತ್ತಲು ಬಗ್ಗಿದ್ದಳು. ಅದೇ ನೆಪವಾಗಿ ಒಂದು ಕಂಬಿ ಮುರಿಯಿತು. ಮತ್ತೆ ಬೆನ್ನು ಕೊಯ್ಯಿಸಿಕೊಂಡು ತಿಂಗಳುಗಟ್ಟಲೆ ನರಳಿದ್ದು ಅವಳೇ ಹೊರತು ಅವಸರಪಡಿಸಿದ ಮಹಾನುಭಾವನಲ್ಲ.

ಹೂ ಮುಡಿಸುವ ಶಾಸ್ತ್ರಕ್ಕೆ ಬೀಗರು ವ್ಯಾನಿನಲ್ಲಿ ಬಂದಿಳಿದರು. ಹಿರಿಯರ ಕಾಲಿಗೆ ಬೀಳುವ ಗಳಿಗೆ ಬಂದೇ ಬರುತ್ತದೆಂದು ನಾರಾಯಣಪ್ಪ ಮೊದಲೇ ಉಪಾಯ ಹೂಡಿದ್ದ. ಹೆಂಡತಿಯ ಕೈಯಲ್ಲಿ ಸದಾ ತಾಂಬೂಲದ ತಟ್ಟೆ ಇರಬೇಕು. ತಟ್ಟೆ ಹಿಡಿದವಳನ್ನು ಕಾಲಿಗೆ ಬೀಳು ಎನ್ನುವವರಾರು? ಮುನಿರತ್ನಮ್ಮ ಜವಳಿ ಅಂಗಡಿಯ ಬೊಂಬೆಯ ಹಾಗೆ ಒಂದೇ ಸಮ ನಿಂತಳು. ಸೊಕ್ಕಿನ ಹೆಂಗಸು ಎಂದು ಬೀಗರ ಕಡೆಯವರು ತಮಿಳಿನಲ್ಲಿ ಪಿಸುಗುಟ್ಟಿಕೊಂಡರು. ತಮಿಳು ಅವಳಿಗೂ ಚೆನ್ನಾಗಿಯೇ ಬರುತ್ತಿತ್ತು.

ಗಂಡಿನ ಅಜ್ಜಿ ಪಾಪಮ್ಮ ಎಲ್ಲರಿಗಿಂತ ಹಿರಿಯಳು. ಮಿಕ್ಕವರೆಲ್ಲ ಕಾಲಿಗೆ ಬಿದ್ದು ಎದ್ದ ಮೇಲೆ ಆಕೆ ನೇರವಾಗಿ ಬೀಗಿತ್ತಿಯ ಮುಂದೆ ಬಂದು, ತಟ್ಟೆಯನ್ನು ತಾನೇ ಇಸಿದುಕೊಂಡು ಸೊಸೆಯ ಕೈಗೆ ದಾಟಿಸಿ, ಕಾದು ನಿಂತಳು. ನಾರಾಯಣಪ್ಪ ಬಂದು ಹೆಂಡತಿಯ ಕಿವಿಗೆ ಬಾಯಿಟ್ಟ.

“ಒಸಿ ಬಗ್ಗಮ್ಮೀ. ಒಂದ್ಸಲಕ್ಕೆ ಏನೂ ಆಗಲ್ಲ.”

ಮುನಿರತ್ನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಗಳ ಕಡೆ ನೋಡಿದಳು. ಮದುವೆಯ ಗಂಡು ಮುನೀಶನನ್ನು ಕಲ್ಪನಾ ಮನಸಾರೆ ಮೆಚ್ಚಿದ್ದಳು. ತನ್ನ ಬಾಯಿಂದಲೇ ಮಗಳ ಮದುವೆ ಕೆಟ್ಟರೆ ಎಂದು ಹಿಂಜರಿದಳು. ಆದರೂ ಮೂರನೆಯ ಸಲ ಬೆನ್ನು ಕೊಯ್ಯಿಸಿಕೊಳ್ಳುವುದು ಅವಳಿಂದಾಗದು.

“ನಂಗೆ ಬಗ್ಗಕ್ಕಾಗಲ್ಲಮ್ಮ,” ಎಂದಳು. “ಗರ್ಭಕೋಶ ಇದ್ದಲ್ಲೇ ಐತೆ. ಆಪರೇಷನ್ ಆಗಿರೋದು ಬೆನ್ಗೆ. ಸೊಟ್ಟಗಿತ್ತು, ಕಂಬಿ ಹಾಕವ್ರೆ.”

ನಾರಾಯಣಪ್ಪ ಚಪ್ಪರದ ಕಂಬ ಹಿಡಿದುಕೊಂಡ. ಬೀಗರಲ್ಲಿ ಗುಸುಗುಸು ಎದ್ದಿತು. ಪಾಪಮ್ಮ ಬೀಗಿತ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಗನ ಹೆಗಲು ಹಿಡಿದು, ಏದುಸಿರು ಬಿಡುತ್ತ ಜಗಲಿಯ ಮೇಲೆ ಹತ್ತಿ, ಅದರ ಅಂಚಿಗೆ ಬಂದು ನಿಂತಳು. ಆಕೆಯ ಪಾದಗಳು ಮುನಿರತ್ನಮ್ಮನ ಸೊಂಟದ ಮಟ್ಟಕ್ಕೆ ಬಂದವು.

“ಬಾ ತಾಯಿ. ಈಗ ಎಟಕ್ತದೆ.”

ಮುನಿರತ್ನಮ್ಮ ನಿಂತಲ್ಲೇ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಳು ಬಂದುಬಿಟ್ಟಿತು. ಇಷ್ಟು ಸುಲಭದ್ದು ತನ್ನ ಗಂಡನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ಸಿಟ್ಟೂ ಬಂತು.

ಜಗಲಿಯ ಮೇಲೆ ನಿಂತ ಪಾಪಮ್ಮನಿಗೆ ಭಾಷಣದ ಹುಮ್ಮಸ್ಸು ಬಂದಿರಬೇಕು.

“ನಮ್ ಮುನೀಶಂಗೂ ಒಂದು ಕಿವಿ ಕೇಳ್ಸಲ್ಲ. ಹೇಳ್ಬೇಡ ಅಂತ ನನ್ ಮಗ ಆಣೆ ಇಕ್ಕಿಸ್ಕೊಂಡವ್ನೆ.”

ಈಗ ಕಂಬ ಹುಡುಕುವ ಸರದಿ ಗಂಡಿನ ತಂದೆಯದಾಯಿತು. ಮದುಮಗ ಮಾತ್ರ ಆ ಗದ್ದಲದಲ್ಲಿ ಏನೂ ಕೇಳಿಸದೆ, ಬಲಗಡೆಯ ಗೆಳೆಯನ ಜೊತೆ ಹರಟುತ್ತ ಲಾಡು ತಿನ್ನುತ್ತಿದ್ದ.

“ಯಾವ ಕಿವಿ?” ಎಂದು ಕಲ್ಪನಾ ಕೇಳಿದಳು.

ಎಡದ್ದು ಎಂದಳು ಅಜ್ಜಿ. ಕಲ್ಪನಾ ಕೂತಿದ್ದುದು ಅವನ ಎಡಕ್ಕೇ. ಎದ್ದು ಬಂದು, ಗೆಳೆಯನನ್ನು ಎಬ್ಬಿಸಿ, ಬಲಕ್ಕೆ ಕೂತಳು.

“ಇನ್ಮೇಲೆ ಕೇಳಿಸ್ಲಿಲ್ಲ ಅನ್ನಂಗಿಲ್ಲ,” ಎಂದಳು.