ಮೇಲಿನ ಮಹಡಿಯ ಕಡತ

ಅಂದು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಒರ್ಲೀನ್ ಪ್ರೂಯಿಟ್ ಎಂಬವಳು ಕೌಂಟಿ ಕೋರ್ಟಿನೊಳಗೆ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತಳು, ಮೇಲಕ್ಕೊಮ್ಮೆ ನೋಡಿದಳು, ಹತ್ತದೆ ಮನೆಗೆ ಹೋದಳು. ಮಂಡಿ ನೋಯುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಕಟ್ಟಡದಲ್ಲಿ ಲಿಫ್ಟೂ ಇದೆ. ಆದರೆ ಮಂಡಿಯ ನೆಪ ಹೂಡುವವರ ಕಣ್ಣಿಗೆ ಲಿಫ್ಟು ಬೀಳುವುದಿಲ್ಲ.

ಆಗಿದ್ದಿಷ್ಟು. ಹಿಕರಿ ಫೋರ್ಕ್ ಎಂಬ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ವಿಮಾ ಕಂಪನಿಯಿಂದ ಕಾಗದ ಬಂದಿತ್ತು. ಪ್ರವಚನದ ಹೊತ್ತಿನಲ್ಲಿ ಪುಟಾಣಿಗಳನ್ನು ಬಿಡುವ ಮಕ್ಕಳ ಕೋಣೆ ನೋಡಿಕೊಳ್ಳುವವರೆಲ್ಲರ ಪೊಲೀಸ್ ದಾಖಲೆಯನ್ನು ಚರ್ಚು ಪರಿಶೀಲಿಸಿರಬೇಕಂತೆ. ಪಾದ್ರಿ ಬ್ರದರ್ ಲಾನಿ ತಲೆ ಕೆರೆದುಕೊಳ್ಳುತ್ತಿದ್ದಾಗ ಒರ್ಲೀನ್ ತಾನೇ ಮುಂದೆ ಬಂದಳು. ಕೋರ್ಟಿನ ನೆಲಮಹಡಿಯಲ್ಲಿ ಗಾಡಿ ನೋಂದಣಿಯ ಕಿಟಕಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತವಳು ಅವಳು. ಯಾವ ಕಾಗದ ಯಾವ ಕಪಾಟಿನಲ್ಲಿದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ನೆಲಮಹಡಿಯಲ್ಲೇ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರೀಫರ ಕಚೇರಿಯಲ್ಲಿ ಬಂಧನದ ಪುಸ್ತಕ ಇರುತ್ತದೆ. ಯಾರನ್ನು, ಯಾವತ್ತು, ಯಾವ ಆರೋಪದ ಮೇಲೆ ಹಿಡಿದು ತಂದರು ಎಂಬುದಷ್ಟೇ ಅದರಲ್ಲಿ. ಹಿಡಿದವರನ್ನು ಆಮೇಲೆ ಶಿಕ್ಷಿಸಿದರೋ ಬಿಟ್ಟರೋ ಎಂಬುದಕ್ಕೆ ಮೇಲಿನ ಮಹಡಿಗೆ ಹೋಗಿ ಕೋರ್ಟಿನ ಗುಮಾಸ್ತರನ್ನು ಕೇಳಬೇಕು. ಎರಡನ್ನೂ ನೋಡದೆ ಯಾರ ಬಗ್ಗೆಯೂ ಒಂದು ಮಾತು ಆಡಬಾರದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದವಳೂ ಇವಳೇ.

ಹನ್ನೊಂದು ಹೆಸರಲ್ಲಿ ಹತ್ತು ಶುದ್ಧವಾಗಿದ್ದವು. ಹನ್ನೊಂದನೆಯದು ವರ್ನಾ ಸ್ಟೋಕರ್. ಎಂಬತ್ತಮೂರನೇ ಇಸವಿ ಮಾರ್ಚಿನಲ್ಲಿ ಬಂಧನ, ಆರೋಪ ಹಲ್ಲೆ, ಆಯುಧ ಕಬ್ಬಿಣದ ಬಾಣಲೆ.

ವರ್ನಾ ಕೌಂಟಿಯ ಆ ತುದಿಯವಳು, ವಿಧವೆಯಾದ ಮೇಲೆ ಇಲ್ಲಿಗೆ ಬಂದವಳು. ಇಪ್ಪತ್ತೆರಡು ವರ್ಷದಿಂದ ಭಾನುವಾರ ಬೆಳಿಗ್ಗೆ ಮಕ್ಕಳ ಕೋಣೆಯಲ್ಲೇ ಇರುತ್ತಿದ್ದಳು, ಪ್ರವಚನ ಕೇಳಿದ್ದು ಗೋಡೆಯ ಆಚೆಯಿಂದಲೇ. ಊರಿನ ಯಾವ ಮಗು ಅತ್ತರೂ ಅವಳ ಹೆಗಲ ಮೇಲೆ ಸುಮ್ಮನಾಗುತ್ತಿತ್ತು. ಒರ್ಲೀನಳ ಮೊಮ್ಮಗಳು ಮೂರು ವರ್ಷದ ಟ್ಯಾನ್ಸಿ ಅಂತೂ ಭಾನುವಾರ ಮನೆಗೆ ಹೊರಡುವಾಗ ವರ್ನಾಳ ಕತ್ತಿಗೆ ಜೋತುಬಿದ್ದು ಅಜ್ಜಿಯ ಕೈಗೆ ಬರಲು ಒಲ್ಲೆನೆಂದು ಕಿರುಚುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಒರ್ಲೀನಳೂ ನಗುತ್ತಿದ್ದಳು. ಒಳಗೆ ಹೊಟ್ಟೆಕಿಚ್ಚು ಧಗಧಗ ಅನ್ನುತ್ತಿತ್ತು. ಮಂಡಿನೋವಿನ ನಿಜವಾದ ಹೆಸರು ಅದು.

ಮರುದಿನ ಬ್ರದರ್ ಲಾನಿಯ ಮುಂದೆ ಅವಳು ದನಿ ತಗ್ಗಿಸಿ ಹೇಳಿದ್ದೂ ಅರ್ಧ ಸುಳ್ಳೇ.

"ಇದು ನನಗೆ ಸಿಕ್ಕಿದ್ದಲ್ಲ ಬ್ರದರ್ ಲಾನಿ, ಹೆಸರು ಕೊಟ್ಟಿದ್ದಕ್ಕೆ ವಿಮೆಯವರ ಕಡೆಯಿಂದಾನೇ ಬಂದಿದ್ದು. ವರ್ನಾ ಹೆಸರಲ್ಲಿ ಒಂದು ಬಂಧನ ಇದೆಯಂತೆ. ಹಲ್ಲೆ ಅಂತೆ, ಅದೂ ಕಬ್ಬಿಣದ ಬಾಣಲೆಯಿಂದ. ನನಗೂ ಕೇಳಿ ಎದೆ ಧಸಕ್ ಅಂತು."

"ವರ್ನಾನಾ? ನಮ್ಮ ವರ್ನಾನಾ?"

"ಪೂರ್ತಿ ವಿಷಯ ಗೊತ್ತಾಗೋವರೆಗೆ ಒಂದೆರಡು ವಾರ ಆ ಕೋಣೆಯಿಂದ ಹೊರಗಿದ್ರೆ ಒಳ್ಳೇದೇನೋ. ಮಕ್ಕಳ ವಿಷಯ ನೋಡಿ."

ಮಕ್ಕಳ ವಿಷಯ ಎಂದರೆ ಯಾವ ಪಾದ್ರಿ ತಾನೇ ಎದುರು ಮಾತಾಡುತ್ತಾನೆ? ಮುಂದಿನ ಭಾನುವಾರ ವರ್ನಾ ಚರ್ಚಿನ ಸಭಾಂಗಣದಲ್ಲಿ, ಒರ್ಲೀನಳ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಇಪ್ಪತ್ತೆರಡು ವರ್ಷ ಒಂದಲ್ಲ ಒಂದು ಮಗುವನ್ನು ಹೊತ್ತ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕೈಚೀಲದ ಮೇಲೆ ಇಟ್ಟುಕೊಂಡಿದ್ದಳು. ಹಳೆಯ ಬಂಧನದ ಮಾತು ಬಂದಿದೆ ಎಂದು ಬ್ರದರ್ ಲಾನಿ ಹೇಳಿದ್ದ, ಅದಕ್ಕಿಂತ ಹೆಚ್ಚು ಅವಳು ಚರ್ಚಿನಲ್ಲಿ ಯಾರನ್ನೂ ಕೇಳಲಿಲ್ಲ. ಊರವರು ಮಾತ್ರ ಬಾಯಿಗೆ ಬೀಗ ಹಾಕುವವರಲ್ಲ. ಚರ್ಚಿನಲ್ಲಿ ಎಲ್ಲರೂ ಸೇರುವ ಬುಧವಾರದ ಊಟದ ಹೊತ್ತಿಗೆ ಅವಳು ಬಾಣಲೆಯಿಂದ ಗಂಡನನ್ನು ಕೊಂದಳೆನ್ನುವವರೆಗೆ ಮಾತು ಬೆಳೆದಿತ್ತು.

ಒರ್ಲೀನ್ ತನ್ನ ಮಂಡಿಯ ಸುಳ್ಳಿಗೆ ಒಂದು ಊರುಗೋಲು ಬೇಕೆಂದು ಅದರ ಮುಂದಿನ ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಎದ್ದು ನಿಂತು ತನ್ನ ಮಂಡಿಗಾಗಿ ಎಲ್ಲರೂ ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ಮಂಗಳವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಬಟ್ಟೆ ಮುಚ್ಚಿದ ಪಾತ್ರೆಯಲ್ಲಿ ಬಿಸಿಬಿಸಿ ಕೋಳಿ ಸಾರು, ಅದರಲ್ಲಿ ಬೇಯಿಸಿದ ಹಿಟ್ಟಿನ ಉಂಡೆ ಹಿಡಿದು ವರ್ನಾ ನಿಂತಿದ್ದಳು.

"ಮಂಡಿ ಹೇಗಿದೆ ಕಣೇ?"

"ಪರವಾಗಿಲ್ಲ," ಎಂದಳು ಒರ್ಲೀನ್.

"ಮೆಟ್ಟಿಲು ಗಿಟ್ಟಿಲು ಹತ್ತೋಕೆ ಹೋಗ್ಬೇಡ," ಎಂದು ಹೇಳಿ ವರ್ನಾ ಹೊರಟಳು.

ಆ ಸಾರನ್ನು ಒರ್ಲೀನ್ ಒಂದು ಚಮಚವೂ ತಿನ್ನದೆ ಮುಚ್ಚಿಟ್ಟಳು. ಆಮೇಲೆ ಪ್ರತಿ ಭಾನುವಾರವೂ ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ, ಮಂಡಿ ಹೇಗಿದೆ. ಮನೆಯಲ್ಲಿ ಟ್ಯಾನ್ಸಿಯದು ಇನ್ನೊಂದು ಪ್ರಶ್ನೆ: "ಮಿಸ್ ವರ್ನಾ ಎಲ್ಲಿ?" ಐದು ವಾರ ಕಳೆಯುವಷ್ಟರಲ್ಲಿ ಒರ್ಲೀನ್ ಕನ್ನಡಿ ನೋಡಿಕೊಳ್ಳುವುದನ್ನೂ ಬಿಟ್ಟಿದ್ದಳು. ಆರನೆಯ ವಾರದ ಸೋಮವಾರ ಕೋರ್ಟಿಗೆ ಹೋಗಿ ದಡದಡನೆ ಮೆಟ್ಟಿಲು ಹತ್ತಿದಳು. ಮಂಡಿ ಒಂದು ಮಾತೂ ಆಡಲಿಲ್ಲ.

ಮೇಲೆ ಕೂತಿದ್ದ ಗುಮಾಸ್ತ ಗ್ರೇಡಿ ಹಳೆಯ ಪರಿಚಯದವನು.

"ಏನು ಒರ್ಲೀನ್, ರಿಟೈರಾದ್ರೂ ಈ ಕಟ್ಟಡ ಬಿಡಲ್ವಲ್ಲ ನೀವು! ಯಾರದ್ದು ಬೇಕು?"

ಹೆಸರು ಹೇಳಿದಳು. ಅವನ ನಗು ನಿಂತಿತು. ಒಳಗೆ ಹೋಗಿ ಕಂದು ಬಣ್ಣದ ತೆಳ್ಳನೆಯ ಕಡತ ತಂದಿಟ್ಟು, ಅದರ ಹೊದಿಕೆಗೆ ಅಂಟಿಸಿದ ಚೀಟಿಯಲ್ಲಿ ಸಹಿ ಹಾಕಲು ಹೇಳಿದ. ಯಾರು ಯಾವ ದಿನ ತೆಗೆಸಿ ನೋಡಿದರು ಎಂಬುದನ್ನು ಅಲ್ಲಿ ಬರೆಯಬೇಕು. ಒರ್ಲೀನ್ ಪೆನ್ನು ಎತ್ತಿದವಳು ಹಾಗೇ ಉಳಿದಳು. ಮೇಲಿನ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ವರ್ನಾ ಸ್ಟೋಕರ್ ಎಂದಿತ್ತು. ತಾರೀಕು, ಅವಳನ್ನು ಮಕ್ಕಳ ಕೋಣೆಯಿಂದ ಹೊರಗಿಟ್ಟ ಮರುದಿನದ್ದು.

"ಇದರ ಪ್ರತಿ ತಗೊಂಡು ಹೋದ್ರು," ಎಂದ ಗ್ರೇಡಿ. "ನನ್ನ ದಾಖಲೆ ಯಾರು ತೆಗೆಸಿದ್ದು ಅಂತಾನೂ ಕೇಳಿದ್ರು. ಕೆಳಗೆ ಶೆರೀಫರ ಕಿಟಕೀಲಿ ದಾಖಲೆ ನೋಡಿದವರು ಹೆಸರು ಬರೆಯೋ ರಿಜಿಸ್ಟರ್ ಇರುತ್ತೆ, ಅದನ್ನೂ ಯಾರು ಬೇಕಾದ್ರೂ ನೋಡಬಹುದು ಅಂದೆ. ಆ ಕಾನೂನು ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಆ ಶುಕ್ರವಾರ ಆ ರಿಜಿಸ್ಟರಿನಲ್ಲಿ ತನ್ನ ಕೈಯಾರೆ ಹೆಸರು ಬರೆದು ಬಂದಿದ್ದಳು. ಅಂದರೆ ವರ್ನಾಗೆ ಮೊದಲ ಸೋಮವಾರವೇ ಎಲ್ಲ ತಿಳಿದಿತ್ತು. ಮಂಗಳವಾರ ಅವಳು ಸಾರು ತಂದದ್ದು ತಿಳಿದೇ. ಒರ್ಲೀನ್ ವರ್ನಾಳ ಹೆಸರಿನ ಕೆಳಗೆ ಸಹಿ ಹಾಕಿ ಕಡತ ಬಿಚ್ಚಿದಳು.

ಕಡತದಲ್ಲಿ ನಾಲ್ಕೇ ಹಾಳೆ. ಗಂಡ ಹಾಯ್ಟ್ ಕುಡಿದು ಬಂದು, ಅಳುತ್ತಿದ್ದ ಆರು ತಿಂಗಳ ಮಗುವನ್ನು ಒಂದು ಕಾಲು ಹಿಡಿದು ಎತ್ತಿ ಗೋಡೆಗೆ ಬೀಸಲು ಹೊರಟಿದ್ದ. ಒಲೆಯ ಮೇಲಿನ ಬಾಣಲೆ ಹೆಂಡತಿಯ ಕೈಗೆ ಸಿಕ್ಕಿತು; ಏಟು ತಿಂದ ಹಾಯ್ಟ್ ಬದುಕಿಕೊಂಡ. ಮಗುವಿನ ಕಾಲ ಮೇಲೆ ಬೆರಳಿನ ಗುರುತುಗಳಿದ್ದವೆಂದು ವೈದ್ಯರು ಬರೆದಿದ್ದರು. ಮೇ ತಿಂಗಳಲ್ಲಿ ನ್ಯಾಯಾಧೀಶರು ಪ್ರಕರಣವನ್ನು ವಜಾ ಮಾಡಿದ್ದರು. ಊರಿನಲ್ಲಿ ಮಕ್ಕಳನ್ನು ಕಣ್ಣುಮುಚ್ಚಿ ಒಪ್ಪಿಸಬಹುದಾದ ಹೆಂಗಸು ಒಬ್ಬಳಿದ್ದರೆ ಅದು ಇವಳೇ ಎಂಬುದಕ್ಕೆ ಸರಕಾರದ ಮೊಹರು ಬಿದ್ದ ಸಾಕ್ಷಿ ಮೂವತ್ತೆಂಟು ಮೆಟ್ಟಿಲ ಮೇಲೆ ಕೂತಿತ್ತು.

ಒರ್ಲೀನ್ ಅಲ್ಲಿಂದ ನೇರ ವರ್ನಾಳ ಮನೆಗೆ ಹೋದಳು. ವರ್ನಾ ಅಂಗಳದ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ನಾನೇ ಕಣೇ ಮಾಡಿದ್ದು. ವಿಮೆಯವರಲ್ಲ."

"ಹೂಂ."

"ಮೇಲೆ ಹೋಗಿ ನೋಡ್ಬೇಕು ಅಂತ ಗೊತ್ತಿತ್ತು. ಬೇಕು ಅಂತಾನೇ ನೋಡ್ಲಿಲ್ಲ. ಟ್ಯಾನ್ಸಿ ನಿನ್ನನ್ನ ಹಚ್ಕೊಂಡಿದ್ದು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ." ಒರ್ಲೀನ್ ಅವಳೆದುರು ನೆಲದ ಮೇಲೇ ಕೂತಳು. "ಅಲ್ವೇ, ಕಾಗದ ನಿನ್ನ ಕೈಲೇ ಇತ್ತಲ್ಲ. ಬ್ರದರ್ ಲಾನಿ ಮುಖಕ್ಕೆ ಹಿಡೀಬಾರದಿತ್ತಾ?"

ವರ್ನಾ ಒಂದು ಹುರುಳಿಕಾಯಿ ಮುರಿದು ಬೋಗುಣಿಗೆ ಹಾಕಿದಳು.

"ಹಿಡಿದ್ರೆ ಏನು ಕೇಳ್ತಾರೆ? ಬಾಣಲೆ ಯಾಕೆ ಎತ್ತಿದೆ ಅಂತಾರೆ. ಊರಿಗೆ ಗೊತ್ತಾದ್ರೆ ಅವತ್ತಿನ ಆ ಮಗು ಡ್ವೈಟ್‌ಗೂ ಗೊತ್ತಾಗುತ್ತೆ. ನನ್ನ ಮಗ ಪ್ರತಿ ಮೇ ತಿಂಗಳು ಎಲ್ಲರೂ ಸಮಾಧಿಗೆ ಹೋಗೋ ದಿನ ಅಷ್ಟು ದೂರದಿಂದ ಟ್ರಕ್ ಓಡಿಸ್ಕೊಂಡು ಬಂದು ಅವರಪ್ಪನ ಸಮಾಧಿಗೆ ಹೂ ಇಡ್ತಾನೆ. ಅಪ್ಪ ಅಂದ್ರೆ ಅವನಿಗೆ ಪ್ರಾಣ. ಇರ್ಲಿ ಬಿಡು, ಹಾಗೇ ಇರ್ಲಿ."

"ಹಾಗಾದ್ರೆ ನಿನ್ನ ಗತಿ?"

"ಬೆಂಚು ಮೆತ್ತಗಿದೆ," ಎಂದಳು ವರ್ನಾ. ನಾರು ತೆಗೆಯದೆಯೇ ಇನ್ನೊಂದು ಹುರುಳಿಕಾಯಿಯನ್ನು ಬೋಗುಣಿಗೆ ಹಾಕಿದಳು.

ಒರ್ಲೀನಳಿಗೆ ಆ ವಾರವಿಡೀ ನಿದ್ದೆ ಹತ್ತಲಿಲ್ಲ. ಕಡತ ತೋರಿಸಿದರೆ ಮಗನಿಗೆ ಏಟು, ತೋರಿಸದಿದ್ದರೆ ತಾಯಿಗೆ. ಪ್ರಕರಣ ವಜಾ ಆಗಿದೆ ಎಂಬ ಒಂದೇ ಸಾಲಿನ ಪ್ರಮಾಣಪತ್ರವನ್ನು ಗ್ರೇಡಿ ಮೊಹರು ಒತ್ತಿ ಕೊಟ್ಟ. ವಿಮೆಯವರಿಗೆ ಅಷ್ಟು ಸಾಕು, ಊರಿಗೆ ಸಾಲದು. ಊರಿಗೆ ಅಗಿಯಲು ಏನಾದರೂ ಬೇಕೇ ಬೇಕು. ಕೊನೆಗೆ ಒರ್ಲೀನ್ ತನ್ನನ್ನೇ ಕೊಡುವುದೆಂದು ತೀರ್ಮಾನಿಸಿದಳು.

ಭಾನುವಾರ ಚರ್ಚಿನಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಅನುಭವದ ಸಾಕ್ಷಿ ಹೇಳುವ ಹೊತ್ತಿನಲ್ಲಿ ಒರ್ಲೀನ್ ಎದ್ದು ನಿಂತಾಗ, ಮತ್ತೆ ಮಂಡಿಯ ಪುರಾಣ ಶುರುವಾಯಿತೆಂದು ಎಲ್ಲರೂ ಅಂದುಕೊಂಡರು.

"ವರ್ನಾ ಬಗ್ಗೆ ವಿಮೆಯವರು ಏನೂ ಹೇಳಿರ್ಲಿಲ್ಲ. ಹೇಳಿದ್ದು ನಾನು. ಅರ್ಧ ದಾಖಲೆ ನೋಡಿ, ಇನ್ನರ್ಧ ಬೇಕು ಅಂತಾನೇ ಬಿಟ್ಟು ಬಂದು ಹೇಳಿದೆ. ಅವಳ ಮೇಲಿದ್ದದ್ದನ್ನ ಕೋರ್ಟು ಆವಾಗ್ಲೇ ತೆಗೆದುಹಾಕಿದೆ, ಇಗೋ ಮೊಹರು. ಅವಳ ಮೇಲೆ ಹೊಟ್ಟೆ ಉರೀತಿತ್ತು ನನಗೆ, ಅದಕ್ಕೇ ಹಾಗೆ ಮಾಡಿದೆ."

ಚರ್ಚಿನ ಹಿರಿಯರಾದ ಡೀಕನರೊಬ್ಬರ ಹೆಂಡತಿ ಐಮೋಜೀನ್ ತಿರುಗಿ ಕೂತಳು.

"ಅದೆಲ್ಲ ಸರಿ, ಆದ್ರೆ ಆ ಬಾಣಲೆ ವಿಷಯ ಏನಂತೆ?"

"ಅದನ್ನ ಓದಿ ಬಂದಿದ್ದೀನಿ ಐಮೋಜೀನ್. ನಿನ್ನ ಮೊಮ್ಮಕ್ಕಳನ್ನ ಅವಳ ಕೈಗೆ ಕೊಡು, ನನ್ನ ಕೈಗೆ ಕೊಡಬೇಡ. ಇದಕ್ಕಿಂತ ಹೆಚ್ಚು ಕೇಳ್ಬೇಡ. ಮಾತಾಡೋಕೆ ಏನಾದ್ರೂ ಬೇಕಿದ್ರೆ ನನ್ನ ಬಗ್ಗೆ ಮಾತಾಡು, ಬೇಕಾದಷ್ಟಿದೆ."

ಊರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಬುಧವಾರದ ಊಟದಲ್ಲಿ ಒರ್ಲೀನಳ ಮೇಜಿಗೆ ಯಾರೂ ಬರಲಿಲ್ಲ, ಅವಳ ಪೀಚ್ ಹಣ್ಣಿನ ಕಡುಬನ್ನು ಯಾರೂ ಮುಟ್ಟಲಿಲ್ಲ. ಬಾಣಲೆಯ ಮಾತು ಅಲ್ಲಿಗೇ ನಿಂತುಹೋಯಿತು.

ಮುಂದಿನ ಭಾನುವಾರ ಒರ್ಲೀನ್ ಟ್ಯಾನ್ಸಿಯನ್ನು ಎತ್ತಿಕೊಂಡು ಮಕ್ಕಳ ಕೋಣೆಯ ಅರ್ಧಬಾಗಿಲ ಮುಂದೆ ನಿಂತಳು. ಒಳಗಿದ್ದ ವರ್ನಾ ಕೈ ಚಾಚಿದ್ದೇ ತಡ, ಮಗು ಆ ಕಡೆ ಹಾರಿತು. ಒರ್ಲೀನಳ ಎದೆಯಲ್ಲಿ ಹಳೆಯ ಕಿಚ್ಚು ಒಮ್ಮೆ ಚುರ್ ಎಂದಿತು. ಅದು ಇನ್ನೂ ಅಲ್ಲೇ ಇದೆಯೆಂದು ತಿಳಿದು ಅವಳಿಗೆ ನಾಚಿಕೆಯಾಯಿತು.

"ಮಂಡಿ ಹೇಗಿದೆ ಕಣೇ?" ಎಂದಳು ವರ್ನಾ.

"ಮಂಡಿಗೆ ಏನೂ ಆಗಿರ್ಲಿಲ್ಲ."

"ಗೊತ್ತು. ನೀನು ಹೇಳೋವರೆಗೂ ಕೇಳ್ತಾನೇ ಇರೋಣ ಅಂತಿದ್ದೆ."

ವರ್ನಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಅರ್ಧಬಾಗಿಲ ಚಿಲಕ ಹಾಕಿದಳು. ಒರ್ಲೀನ್ ಸಭಾಂಗಣಕ್ಕೆ ಹೋಗಿ, ಆರು ವಾರ ವರ್ನಾ ಕೂತಿದ್ದ ಬೆಂಚಿನಲ್ಲಿ ಒಬ್ಬಳೇ ಕೂತಳು.